ಎಡಗೈಯಲ್ಲಿ ಮಸೆದ ಚೂರಿ

ಬೆಲ್ಲದ ಬಾಗೇವಾಡಿ
ವ್ಯಯ ಸಂವತ್ಸರ, ಆಶ್ವೀಜ ವದ್ಯ ಪಂಚಮಿ
ಸನ್ ೧೯೪೬

ಗುರು ಬಸವಣ್ಣನನ್ನು ನೆನೆದು, ಕೊಣ್ಣೂರಿನ ಚಿರಂಜೀವಿ ಖಂಡೆಪ್ಪನಿಗೆ ಪಾರವ್ವ ತಲೆಯ ಮೇಲೆ ಕೈಯಿಟ್ಟು ಹೇಳುವ ಆಶೀರ್ವಾದ.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಮ್ಮ ಮನೆಯವರ ಮೊಣಕಾಲು ನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಎರೆ ಹೊಲದಲ್ಲಿ ಬಿಳಿಜೋಳ ಬಿತ್ತಿ ಮುಗಿಯಿತು. ನೀನು ಪಲ್ಟನ್ನಿನಿಂದ ಬಂದ ಮೇಲೆ ಮತ್ತೆ ಕುರಿ ಹಿಡಿದಿದ್ದೀ ಅಂತ ಕೇಳಿ ಸಂತೋಷವಾಯಿತು. ಬಂದೂಕು ಹಿಡಿದ ಕೈ ತಿರುಗಿ ಕೋಲು ಹಿಡಿಯುವುದು ಸಣ್ಣ ಮಾತಲ್ಲ.

ಈ ಕಾಗದ ಉದ್ದವಾಗುತ್ತದೆ. ಕುರಿ ಹಟ್ಟಿಗೆ ಹೊಡೆದ ಮೇಲೆ ಒಬ್ಬನೇ ಕುಳಿತು ಓದು. ಓದಿ ಹೇಳಲು ಬೇರೆ ಯಾರನ್ನೂ ಕರೆಯಬೇಡ. ನನ್ನದು ಮಠದ ಅಯ್ಯನವರ ಸಾಲೆಯಲ್ಲಿ ಕಲಿತ ಅಕ್ಷರ, ಸೊಟ್ಟಗಿದ್ದರೆ ಸಾವಕಾಶ ಓದು.

ವಿಷಯ ನಿನ್ನ ಜೊತೆ ಪಲ್ಟನ್ನಿಗೆ ಹೋದ ಗೆಳೆಯ ಕರೆಪ್ಪನ ಚೂರಿಯದು.

ಕಲ್ಲೋಳಿಯಿಂದ ಅವನ ತಾಯಿ ಕೆಂಪವ್ವ ದಸರೆ ಮುಗಿದ ಮೇಲೆ ಅದನ್ನು ಮತ್ತೆ ನನ್ನ ಹತ್ತಿರ ಕಳಿಸಿದ್ದಾಳೆ. ದೀಪಾವಳಿ ಅಮಾವಾಸ್ಯೆಯ ದಿನ ಅದನ್ನು ದೇವರ ಜಗಲಿಯ ಮೇಲೆ, ಸತ್ತ ಹಿರಿಯರ ಸಾಲಿನಲ್ಲಿ ಇಟ್ಟು ಪೂಜೆ ಮಾಡುವುದಿದೆ, ಅದಕ್ಕೂ ಮೊದಲು ಎಣ್ಣೆ ಸವರಿ ಚಂದ ಮಾಡಿ ಕೊಡಿರಿ ಅಂತ ಹೇಳಿ ಕಳಿಸಿದ್ದಾಳೆ. ಅದೇ ದಿನ ಕರೆಪ್ಪನ ಹೆಂಡತಿ ಸಾವಿತ್ರವ್ವನ ಬಳೆ ಒಡೆಯುವುದು, ಕಾರ್ತಿಕದಲ್ಲಿ ಅವಳಿಗೂ ನಿನಗೂ ಉಡಿಕಿ ಮಾಡುವುದು ಅಂತ ದೈವ ಕೂಡಿ ಪಂಚಾಯಿತಿ ಮಾಡುವ ನಿಮ್ಮ ಹಿರಿಯರು ಗೊತ್ತು ಮಾಡಿದ್ದಾರಲ್ಲ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಂದು ಮನೆ ತುಂಬಿಸುವುದು ನಿಮ್ಮಲ್ಲೂ ಉಂಟು, ನಮ್ಮಲ್ಲೂ ಉಂಟು. ಒಳ್ಳೆಯ ರೂಢಿ. ಅದಕ್ಕೆ ನನ್ನದು ತಕರಾರಿಲ್ಲ. ಆದರೆ ಕರೆಪ್ಪ ಸತ್ತಿದ್ದಾನೆ ಅನ್ನುವುದಕ್ಕೆ ಸರಕಾರದ ಕಾಗದ ಸಾಕ್ಷಿ ಹೇಳುವುದಿಲ್ಲ. ಅದರಲ್ಲಿ 'ಪತ್ತೆ ಹತ್ತಿಲ್ಲ' ಅಂತ ಮಾತ್ರ ಇದೆ. ಸಾಕ್ಷಿ ಅಂದರೆ ನಿನ್ನ ಬಾಯಿ, ಆ ಚೂರಿ, ಮತ್ತು ಆ ಚೂರಿ ಅವನದೇ ಅಂತ ಹೂಂ ಅಂದ ನಾನು. ನಮ್ಮ ಮೂವರಲ್ಲಿ ಈಗ ಚೂರಿ ಬೇರೆ ಮಾತು ಹೇಳುತ್ತಿದೆ. ಅದಕ್ಕೇ ಈ ಕಾಗದ.

ಚೂರಿಯನ್ನು ನಾನು ಹೇಗೆ ನೋಡುತ್ತೇನೆ ಅಂತ ಸ್ವಲ್ಪ ಹೇಳುತ್ತೇನೆ. ಹೇಳದಿದ್ದರೆ ಮುದುಕಿ ಏನೋ ಕಲ್ಪಿಸಿಕೊಂಡಿದ್ದಾಳೆ ಅಂತ ನೀನು ಅಂದುಕೊಳ್ಳುತ್ತೀ.

ನಮ್ಮ ಮಾವನವರ ಕಾಲಕ್ಕೆ ನಮ್ಮದು ಹಳೆ ಕಬ್ಬಿಣದ ವ್ಯಾಪಾರ. ಬೆಳಗಾವಿಯ ದಂಡಿನವರು ಲಿಲಾವು ಹಾಕಿದ ಸಾಮಾನು ಗಾಡಿಗಟ್ಟಲೆ ತಂದು, ಕುಡಗೋಲು ಕುರ್ಚಿಗಿ ಮಾಡಲು ಕಂಬಾರರಿಗೆ ಕೊಡುತ್ತಿದ್ದರು. ಆ ರಾಶಿಯಲ್ಲಿ ಬಂದೂಕಿನ ತುದಿಗೆ ಸಿಕ್ಕಿಸುವ ಸಂಗೀನುಗಳು, ಗೂರ್ಖಾ ಮಂದಿಯ ಕುಕ್ರಿಗಳು, ಮುರಿದ ಕತ್ತಿಯಿಂದ ಮಾಡಿಕೊಂಡ ಚೂರಿಗಳು ಬರುತ್ತಿದ್ದವು. ಕುಲುಮೆಗೆ ಹೋಗುವ ಮೊದಲು ಒಂದೊಂದನ್ನು ನಾನು ತೆಗೆದಿಟ್ಟುಕೊಂಡೆ. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಕೈಯಲ್ಲಿ ಹಿಡಿದರೆ ಗುರುತಿಲ್ಲದ ಮನುಷ್ಯ ಬಾಗಿಲಿಗೆ ಬಂದು ನಿಂತಂತೆ ಆಗುತ್ತಿತ್ತು. ಯಾರು, ಎಲ್ಲಿಯವನು ಅಂತ ಕೇಳದೆ ಕಳಿಸಲು ಮನಸ್ಸು ಬರುತ್ತಿರಲಿಲ್ಲ. ಈಗ ಒಂದು ಪೆಟ್ಟಿಗೆ ತುಂಬ ಇವೆ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಅದೇ ಮಣೆಯ ಮೇಲೆ ಕುಳಿತು, ಸವೆದ ಅಕ್ಷರದ ಮೇಲೆ ಒಂದು ಚಿಟಿಕೆ ವಿಭೂತಿ ತಿಕ್ಕಿದರೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ನಮ್ಮ ಮನೆಯವರು ನೋಡಿ, "ಶರಣರ ಮನ್ಯಾಗ ಹುಟ್ಟಿದಾಕಿ ಕಡಿಯೂ ಸಾಮಾನಕ್ಕ ವಿಭೂತಿ ಹಚ್ಚಾಕತ್ತಿ. ನಾಳೆ ಅವಕ್ಕ ಲಿಂಗಾನೂ ಕಟ್ಟಸ್ತಿಯೇನ?" ಅನ್ನುತ್ತಾರೆ. "ಕಟ್ಟಿಸಿದ್ರ ಅವು ಸುಮ್ಮನರ ಕುಂದರ್ತಾವು, ನಿಮ್ಮಂಗ ಒದರೂದಿಲ್ಲ" ಅನ್ನುತ್ತೇನೆ.

ಬೆಳಗಾವಿಯ ಕೇದಾರಿ ಅಂತ ಒಬ್ಬ ಹಳೆ ಸಾಮಾನಿನ ವ್ಯಾಪಾರಿ ಆಗಾಗ ಬರುತ್ತಾನೆ. ಹೋದ ಸಲ ಒಂದು ಗಿಡ್ಡ ಚೂರಿ ಹೊರಗೆ ತೆಗೆದು, "ಅಕ್ಕಾರ, ಇದು ಕರ್ನಲ್ ಸಾಯೇಬನ ಬ್ಯಾಟಿಯಾಡೂ ಚಾಕು. ಇಂಥಾದು ಮುಂಬೈ ಇಲಾಖೆದಾಗ ಇನ್ನೊಂದಿಲ್ರಿ" ಅಂದ. ತಿರುಗಿಸಿ ನೋಡಿದೆ. ಸಂಗೀನಿನ ಅಲಗಿನ ಎರಡೂ ಮಗ್ಗುಲಿಗೆ ಉದ್ದಕ್ಕೆ ಒಂದು ಸಣ್ಣ ಕಾಲುವೆ ಇರುತ್ತದೆ. ಕಾರಖಾನೆಯಲ್ಲಿ ಮಾಡಿದ ಹಾಗೇ ಇದ್ದರೆ ಆ ಕಾಲುವೆ ತುದಿ ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಉದ್ದದ್ದನ್ನು ಯಾರಾದರೂ ಕಡಿದು ಗಿಡ್ಡ ಮಾಡಿದ್ದರೆ ಕಾಲುವೆ ತುದಿಯಿಂದ ಹೊರಗೇ ಓಡಿಹೋಗುತ್ತದೆ. "ಕೇದಾರೀ, ನಿನ್ನ ಕರ್ನಲ್ಲನ ಹಳ್ಳ ದಂಡಿ ದಾಟಿ ಹರಿಯಾಕತ್ತೈತಲ್ಲೋ" ಅಂದೆ. ಅವನು ನಕ್ಕು, "ನಿಮ್ಮ ಮನಿಗೆ ಇನ್ನ ಮ್ಯಾಲೆ ಬರೇ ಬಳಿ ಮಾರಾಕ ಬರ್ತೇನಿ" ಅಂತ ಚೀಲಕ್ಕೆ ಹಾಕಿಕೊಂಡ.

ಅವನಂಥವರಿಗೆ ತಿದ್ದಿದ ಚೂರಿ ಕೆಟ್ಟ ಮಾಲು. ಸಿಕ್ಕಿಬೀಳದಿದ್ದರೆ ಮಾತ್ರ ಒಳ್ಳೆಯದು. ನನಗೆ ತಿದ್ದಿದ್ದೇ ಮೇಲು. ಕಾರಖಾನೆಯಿಂದ ಬಂದವೆಲ್ಲ ಒಂದೇ ಮಾತು ಹೇಳುತ್ತವೆ. ಒಬ್ಬನ ಕೈ ಸೇರಿ, ಕಡಿಸಿಕೊಂಡು, ಹಿಡಿಕೆ ಬದಲಿಸಿಕೊಂಡು, ಮಸೆಸಿಕೊಂಡ ಮೇಲೆ ಅದಕ್ಕೆ ಆ ಮನುಷ್ಯನ ಗುಣ ಬರುತ್ತದೆ. ಅದು ಯಾರನ್ನು ಕೊಂದಿತು ಅಂತ ನಾನು ಎಂದೂ ಕೇಳಿಲ್ಲ. ಯಾರು ಮಸೆದರು ಅಂತ ಕೇಳುತ್ತೇನೆ.

ಶ್ರಾವಣದಲ್ಲಿ ನೀನು, ಕೆಂಪವ್ವ, ನಿಮ್ಮ ದೈವದ ಹಿರಿಯ ಕಲ್ಲಪ್ಪ ಮೂವರೂ ನಮ್ಮ ಕಟ್ಟೆಗೆ ಬಂದು ಕುಳಿತಿರಿ. ಕಲ್ಲಪ್ಪ ಚೂರಿಯನ್ನು ನನ್ನ ಮುಂದಿಟ್ಟು, "ಪಾರವ್ವಾರ, ನಮಗ ಕುರಿ ಗೊತ್ತು, ಕಬ್ಬಣ ಗೊತ್ತಿಲ್ಲ. ಇದು ನಮ್ಮ ಹುಡುಗಂದ ಹೌದಂದ್ರ ಹೌದು, ಅಲ್ಲಂದ್ರ ಅಲ್ಲ" ಅಂದ. ನೀನು ನೆಲ ನೋಡುತ್ತ ಹೇಳಿದ್ದು ನನಗೆ ಮಾತಿಗೆ ಮಾತು ನೆನಪಿದೆ. "ಅವ್ವಾರ, ಚಲೇಜಾವ್ ಗದ್ದಲದ ವರ್ಷರಿ, ಬ್ಯಾಸಗ್ಯಾಗ. ಮರಳಗಾಡನ್ಯಾಗ ನಮ್ಮ ಪಲ್ಟನ್ ಹಿಂದ ಸರಿಯಾಕತ್ತಿತ್ತು. ತೋಫಿನ ಗುಂಡ ಬಿತ್ತು. ಅಂವ ನನ್ನ ತೊಡಿ ಮ್ಯಾಲ ಹ್ವಾದ. ಅಲ್ಲೇ ಮಣ್ಣ ಮಾಡಿ, ನಡುವಿಗಿದ್ದ ಚೂರಿ ತಗೊಂಡ ಬಂದೆ." ಕೆಂಪವ್ವ ಅಳಲಿಲ್ಲ. "ನೀರ ಕುಡಿಸಿದ್ಯೇನಪಾ?" ಅಂತ ಕೇಳಿದಳು. ಕುಡಿಸಿದೆ ಅಂತ ನೀನು ಅಂದೆ. ಆ ಮಾತು ಹೇಳುವಾಗ ನಿನ್ನ ದನಿ ಸಣ್ಣದಾಯಿತು. ದುಃಖಕ್ಕೆ ಅಂತ ತಿಳಿದೆ.

ನಾನು ಚೂರಿ ನೋಡಿದೆ. ಕಾಲುವೆ ತುದಿಯಿಂದ ಹೊರಗೆ ಓಡಿದೆ. ಸಂಗೀನನ್ನು ಕಡಿದು ಗಿಡ್ಡ ಮಾಡಿದ್ದು. ಕಾರಖಾನೆಯ ಕಟ್ಟಿಗೆಯ ಹಿಡಿಕೆ ತೆಗೆದು, ಉಣ್ಣೆಯ ಹೆಣಿಕೆ ಸುತ್ತಿದ್ದಾರೆ. ನೀವು ಕವಣೆ ಹೆಣೆಯುವ ಹೆಣಿಕೆ. ಅಲಗಿನ ಬಾಯಿಯನ್ನು ಒಂದೇ ಮಗ್ಗುಲಿಗೆ ಮಸೆದಿದ್ದಾರೆ, ನೀವು ಕುರಿಗೆ ಸೊಪ್ಪು ತಪ್ಪಲು ಸವರುವ ಕತ್ತಿ ಮಸೆಯುವ ಹಾಗೆ. ಬಲಗೈಯವನು ಮಸೆದರೆ ಆ ಇಳಿಜಾರು ಬಲ ಮಗ್ಗುಲಿಗೆ ಬೀಳುತ್ತದೆ. ಇದರಲ್ಲಿ ಎಡಕ್ಕಿದೆ. ಹೆಣಿಕೆಯೂ ತಿರುವು ಮುರುವಾಗಿ ಎಡಕ್ಕೆ ಹೊರಳಿದೆ. ಕರೆಪ್ಪ ಹುಡುಗನಾಗಿದ್ದಾಗ ನಮ್ಮ ಹೊಲದಲ್ಲಿ ಕುರಿ ತರುಬಿದ ದಿನಗಳು ಕಣ್ಣ ಮುಂದೆ ಬಂದವು. ಬಾವಿಯ ಕಲ್ಲಿನ ಮೇಲೆ ಅವನು ಕತ್ತಿ ಮಸೆಯುವಾಗ ನಮ್ಮ ಮನೆಯವರು, "ಎಡಚ್ಯಾ, ಕಲ್ಲ ಸೈತ ಉಲ್ಟಾ ಸವಸ್ತಿ ನೋಡ" ಅಂತ ಬೈಯುತ್ತಿದ್ದದ್ದು ನಿನಗೂ ನೆನಪಿರಬೇಕು. ಇದು ಕರೆಪ್ಪನ ಕೈ, ಖರೆ ಅಂತ ಹೇಳಿದೆ. ಕಲ್ಲಪ್ಪ ಅಲ್ಲೇ ಉಡಿಕಿಯ ಮಾತು ಎತ್ತಿದ. ನೀನು, "ಮೊದಲ ಆಕಿನ್ನ ಕೇಳ್ರಿ" ಅಂದೆ. ಅವನು ನಕ್ಕು, "ಹೆಣ್ಣಮಕ್ಕಳನ್ನ ಏನ ಕೇಳೂದೋ" ಅಂದ. ಅವಳನ್ನು ಕೇಳುವ ಮಾತು ಅಲ್ಲಿಗೇ ನಿಂತಿತು.

ಎರಡು ಸಂಗತಿ ಅಂದೇ ಕಣ್ಣಿಗೆ ಬಿದ್ದಿದ್ದವು. ಹಿಡಿಕೆಯ ಬುಡದಲ್ಲಿ, ಕಾರಖಾನೆಯವರು ಠಸೆ ಹೊಡೆಯುವ ಜಾಗದಲ್ಲಿ, ಉಗುರಿನಷ್ಟು ಅಗಲ ಅರದಿಂದ ಉಜ್ಜಿ ತೆಗೆದಿದ್ದರು. ಸರಕಾರದ ಮಾಲು ಕದ್ದ ಅಂತ ಹಿಡಿದಾರು ಅಂತ ಸಿಪಾಯಿಗಳು ಹಾಗೆ ಮಾಡುವುದುಂಟು, ನಾನು ಬಹಳ ಕಂಡಿದ್ದೇನೆ. ಬಿಟ್ಟುಬಿಟ್ಟೆ. ಇನ್ನೊಂದು, ಕೆಂಪವ್ವ ಹೆಣಿಕೆಯನ್ನು ಬೆರಳಲ್ಲಿ ಹೊಸೆದು ನೋಡಿ, "ಹೆಣಿಕಿ ನನ್ನ ಮಗಂದ. ಉಣ್ಣಿ ನಮ್ಮ ಕುರೀದಲ್ಲ" ಅಂದಳು. ನಿನ್ನ ಕಡೆ ತಿರುಗಿ, "ಆ ಮರಳಾಗ ಕುರಿ ಅದಾವೇನೋ ತಮ್ಮಾ?" ಅಂದಳು. "ಅದಾವು" ಅಂತ ಹೇಳಿ ನೀನು ನೀರು ಕುಡಿಯಲು ಎದ್ದು ಹೋದೆ.

ಈಗ ದಸರೆಯ ಖಂಡೇಪೂಜೆಯ ಮಾತು. ಖಂಡೇಪೂಜೆ ಬಂತೆಂದರೆ ನನ್ನ ಜೀವ ಹಾರುತ್ತದೆ. ನಮ್ಮ ಸೀಮೆಯ ಮಂದಿ ವರ್ಷವಿಡೀ ಆಯುಧವನ್ನು ಅಟ್ಟದ ಮೇಲೆ ಎಸೆದು, ಆ ಒಂದು ದಿನ ಇಳಿಸಿ, ಹುಣಸೆಹಣ್ಣು ಬೂದಿ ಇಟ್ಟಂಗಿ ಪುಡಿ ಹಾಕಿ ತಿಕ್ಕುತ್ತಾರೆ. ಎಷ್ಟೋ ಹಳೆಯ ಕತ್ತಿಗಳ ಮೇಲಿನ ಹೆಸರು, ಕಾಲ, ಕೆಲಸದವನ ಗುರುತು ಹೀಗೇ ದೇವರ ಪಾಲಾಗಿವೆ. ತಂಬಾಕಿನ ಬಣ್ಣಕ್ಕೆ ತಿರುಗಿದ ಹಳೆ ಉಕ್ಕಿಗೆ ಒಂದು ಬೆಲೆ ಇದೆ ಅಂದರೆ ಯಾರು ಕೇಳುತ್ತಾರೆ? ಶ್ರಾವಣದಲ್ಲೇ ಕೆಂಪವ್ವನಿಗೆ, ಇದನ್ನು ತಿಕ್ಕಬೇಡವ್ವಾ ಅಂತ ಹೇಳಿದ್ದೆ. ಕೇಳಲಿಲ್ಲ. "ಎಲ್ಲಾರ ಆಯುಧ ಲಕಲಕ ಅನ್ನೂವಾಗ ನನ್ನ ಮಗಂದ ಅಷ್ಟ ಮಬ್ಬ ಇರಬೇಕೇನ್ರಿ?" ಅಂತ ಈಗ ಹೇಳಿ ಕಳಿಸಿದ್ದಾಳೆ. ಹುಣಸೆಹಣ್ಣು ದಪ್ಪಗೆ ಮೆತ್ತಿ, ಬೆಳತನಕ ಬಿಟ್ಟು, ಆಮೇಲೆ ತೊಳೆದಿದ್ದಾಳೆ.

ಒರೆಯಿಂದ ಎಳೆದಾಗ ಮೊದಲು ಸಿಟ್ಟು ಬಂತು. ಆಮೇಲೆ ಕಿಟಕಿಯ ಬೆಳಕಿಗೆ ಓರೆ ಹಿಡಿದೆ. ಅರದಿಂದ ಉಜ್ಜಿದ ಆ ಬೋಳು ಜಾಗದಲ್ಲಿ ಏನೋ ನೆರಳು. ಠಸೆ ಹೊಡೆದಾಗ ಮೇಲಿನ ಅಕ್ಷರ ಮೂಡುವುದಷ್ಟೇ ಅಲ್ಲ, ಕೆಳಗಿನ ಉಕ್ಕು ಕೂಡ ಪೆಟ್ಟಿಗೆ ಬಿಗಿದುಕೊಳ್ಳುತ್ತದೆ. ಅಕ್ಷರವನ್ನು ಉಜ್ಜಿ ತೆಗೆದರೂ ಆ ಬಿಗಿತ ಒಳಗೇ ಉಳಿದಿರುತ್ತದೆ. ಹುಳಿ ತಿಂದಾಗ ಅಲ್ಲಿಯ ಬಣ್ಣ ಬೇರೆ ಆಗುತ್ತದೆ. ಗೋಕಾಕದ ಪತ್ತಾರನೊಬ್ಬ ತೇಜಾಬು ಹಚ್ಚಿ ಇದನ್ನು ಮಾಡಿದ್ದನ್ನು ಕಂಡಿದ್ದೆ. ಹುಣಸೆಹಣ್ಣು ಇಷ್ಟು ಮಾಡೀತು ಅಂತ ಗೊತ್ತಿರಲಿಲ್ಲ. ನಾನೂ ಮತ್ತೊಮ್ಮೆ ಹುಳಿ ಮೆತ್ತಿ ಬಿಸಿಲಿಗಿಟ್ಟೆ. ನೀನು ಅರ ಹಿಡಿದು ಕುಳಿತಾಗ ಎಲ್ಲ ಯೋಚಿಸಿರಬೇಕು, ಕೆಂಪವ್ವನ ಮನೆಯ ಹುಣಸೆಹಣ್ಣನ್ನು ಯೋಚಿಸಲಿಲ್ಲ.

ನೆರಳಿನಲ್ಲಿ ಅರ್ಧ ಕಿರೀಟ ಇದೆ. ಅದರ ಕೆಳಗೆ ಇಂಗ್ಲಿಷ್ ಅಂಕಿ ಆರು. ಸ್ವಲ್ಪ ಬಿಟ್ಟು ನಾಲ್ಕು, ಮೂರು. ನನ್ನ ಕಣ್ಣನ್ನು ನಾನೇ ನಂಬದೆ ಪೆಟ್ಟಿಗೆ ತೆಗೆದು ಅದೇ ಕಾರಖಾನೆಯ ಬೇರೆ ಸಂಗೀನುಗಳನ್ನು ಮಗ್ಗುಲಲ್ಲಿಟ್ಟು ತಾಳೆ ನೋಡಿದೆ. ಅದೇ ಜಾಗ, ಅದೇ ಕ್ರಮ: ಮೊದಲು ತಿಂಗಳು, ಆಮೇಲೆ ಇಸವಿ. ನಲವತ್ತಮೂರನೆಯ ಇಸವಿ, ಆರನೆಯ ತಿಂಗಳು.

ನೀನು ಹೇಳಿದ ಬೇಸಿಗೆ ನಲವತ್ತೆರಡರದು. ಇನ್ನೂ ಕುಲುಮೆಯಿಂದ ಹೊರಗೇ ಬೀಳದ ಚೂರಿ ಸತ್ತವನ ನಡುವಿನಲ್ಲಿ ಹೇಗಿತ್ತು, ತಮ್ಮಾ?

ಆ ದಿನ ನನಗೆ ಊಟ ಸೇರಲಿಲ್ಲ. ಅಂಜಿಕೆಗೆ ಅಲ್ಲ, ಸುಳ್ಳು ಯಾಕೆ ಹೇಳಲಿ, ತಿಳಿಯಬೇಕು ಅನ್ನುವ ಹಂಬಲಕ್ಕೆ. ಮೊದಲು ಬಂದ ಯೋಚನೆ, ಎಲ್ಲಿಯದೋ ಚೂರಿ ತಂದು ಕರೆಪ್ಪನದು ಅಂತ ಕಾಣಲಿ ಎಂದು ನೀನೇ ತಿದ್ದಿರಬೇಕು. ಆದರೆ ಈ ಚೂರಿಯ ಮೇಲೆ ಎರಡು ಕೈಗಳ ಕೆಲಸ ಇದೆ. ತುದಿ ಕಡಿದದ್ದು, ಬಾಯಿ ಮಸೆದದ್ದು ಹಳೆಯ ಕೆಲಸ. ಅಲ್ಲಿಯ ಗೀರುಗಳು ನುಣುಪಾಗಿ ಕಂದಿವೆ. ಹುಣಸೆಹಣ್ಣು ಮುಟ್ಟದ ಹೆಣಿಕೆಯ ಒಳಗೂ ಬಿಚ್ಚಿ ನೋಡಿದೆ, ಅದೇ ಕಂದು. ಅರದ ಗೀರು ಮಾತ್ರ ಹಸಿ, ಚೂಪು, ಶ್ರಾವಣದಲ್ಲೇ ಬೆಳ್ಳಗಿತ್ತು. ಅದು ಬಲಗೈಯ ಎಳೆತ. ಅದು ನಿನ್ನದು. ಉಳಿದದ್ದು ಎಡಗೈಯವನದು, ಅದು ಕರೆಪ್ಪನೇ. ನೀನು ಎಡಗೈಯಲ್ಲಿ ಕವಣೆ ಹೆಣೆಯಲು ಹೋಗಿ ಗಂಟು ಮಾಡಿಕೊಂಡು ಅತ್ತದ್ದನ್ನು ನಾನು ಕಂಡವಳು.

ಹಾಗಾದರೆ ನಲವತ್ತಮೂರರ ಮೇಲೂ ಕರೆಪ್ಪ ಇದ್ದ. ಬರೀ ಇದ್ದದ್ದಲ್ಲ, ಒಂದು ಕಡೆ ನೆಲೆ ನಿಂತಿದ್ದ. ಈ ಅಲಗು ಎಷ್ಟು ಸವೆದಿದೆ ಗೊತ್ತೇನು? ಯುದ್ಧಕ್ಕೆ ಮಸೆದರೆ ಇಷ್ಟು ಸವೆಯುವುದಿಲ್ಲ. ಬಾಯಿಯ ಮಧ್ಯದಲ್ಲಿ ಸಣ್ಣ ಸಣ್ಣ ಕಚ್ಚುಗಳಿವೆ, ಕುರಿಗೆ ತಪ್ಪಲು ಸವರುವ ಕತ್ತಿಗೆ ಬೀಳುವಂಥವು. ಕೆಂಪವ್ವನ ಬೆರಳು ಹೇಳಿದ ಮಾತೂ ಈಗ ಅರ್ಥವಾಯಿತು. ಆ ಉಣ್ಣೆ ಬೆಣ್ಣೆಯ ಹಾಗೆ ಮೆತ್ತಗಿದೆ. ಮರಳುಗಾಡಿನ ಲಡಾಯಿ ಮುಗಿದ ಮೇಲೆ ನಿಮ್ಮ ಪಲ್ಟನ್ನು ಇಟಲಿ ದೇಶಕ್ಕೆ ಹೋಯಿತು, ಅಲ್ಲಿ ಗುಡ್ಡ, ಗುಡ್ಡದ ತುಂಬ ಕುರಿ, "ಉಣ್ಣಿ ಅಂದ್ರ ಬೆಣ್ಣಿ ಇದ್ದಂಗ ಐತ್ರಿ ಅವ್ವಾರ" ಅಂತ ಅಂದು ನೀನೇ ಹೇಳಿದ್ದೆ. ಸೆರೆ ಸಿಕ್ಕ ನಮ್ಮ ಸಿಪಾಯಿಗಳನ್ನು ಅಲ್ಲಿಗೆ ಒಯ್ದಿದ್ದರು, ಅವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಗುಡ್ಡದ ರೈತರ ಮನೆ ಸೇರಿದರು ಅಂತಲೂ ಹೇಳಿದ್ದೆ. ಮುಂದೇನಾಯಿತು ಅಂತ ನಾನು ಕೇಳಿದಾಗ ನೀನು ಮಳೆಯ ಮಾತು ತೆಗೆದೆ.

ಕೊನೆಗೆ ಕಂಡದ್ದು ಹೆಣಿಕೆಯ ತುದಿ. ಕರೆಪ್ಪ ಕವಣೆಗೆ ತನ್ನ ಬೆರಳಿನ ಅಳತೆಯ ಕುಣಿಕೆ ಹಾಕುತ್ತಿದ್ದ. ನಮ್ಮ ಮನೆಯ ಹುಡುಗರಿಗೆ ಯಾರಿಗಾದರೂ ಆ ಕವಣೆ ಕೊಟ್ಟುಬಿಡುವಾಗ, ಆ ಕುಣಿಕೆಯನ್ನು ಬಿಚ್ಚಿ, ಎಳೆಗಳನ್ನು ಒಳಗೆ ಮಡಿಸಿ ಕೊಡುತ್ತಿದ್ದ. "ನಿನ್ನ ಬೆರಳಿಗೆ ನೀನ ಮಾಡ್ಕೋ" ಅನ್ನುತ್ತಿದ್ದ. ಈ ಚೂರಿಯ ಹೆಣಿಕೆಗೂ ಕುಣಿಕೆ ಇತ್ತು, ಇದ್ದ ಗುರುತಿದೆ. ಅದನ್ನು ಬಿಚ್ಚಿ, ಎಳೆ ಮಡಿಸಿ, ಎಡಕ್ಕೆ ಹೊರಳಿಸಿ ಮುಗಿಸಿದ್ದಾನೆ. ತೊಡೆಯ ಮೇಲೆ ಜೀವ ಬಿಡುವವನು ಕುಳಿತು ಕುಣಿಕೆ ಬಿಚ್ಚುವುದಿಲ್ಲ. ಅವನು ಇದನ್ನು ತನ್ನ ಕೈಯಾರೆ, ಸಾವಕಾಶವಾಗಿ, ನಿನಗೆ ಕೊಟ್ಟಿದ್ದಾನೆ.

ಇದಕ್ಕಿಂತ ಮುಂದಿನದು ಚೂರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನಗೆ ಗೊತ್ತು. ನಾನು ಬರೀ ಕೇಳುತ್ತೇನೆ. ನೀವು ಎಲ್ಲಿ ಭೇಟಿಯಾದಿರಿ? ಅವನಿಗೆ ಅಲ್ಲಿ ಮನೆಯಾಗಿದೆಯೇ? ಬರುವುದಿಲ್ಲ ಅಂತ ಅವನೇ ಹೇಳಿದನೇ, ಬಂದರೆ ಪಲ್ಟನ್ನಿನವರು ಹಿಡಿದಾರು ಅಂತ ಅಂಜಿದನೇ? ಇದನ್ನು ಒಯ್ದು ತೋರಿಸಿ ಸತ್ತೆ ಅಂತ ಹೇಳು ಅಂದನೇ? ಅಲ್ಲಿಯ ಕುರಿಗಳು ನಮ್ಮ ಸೀಟಿಗೆ ತಿರುಗುತ್ತವೆಯೇ? ಇದು ಹುಚ್ಚು ಪ್ರಶ್ನೆ, ಆದರೂ ಕೇಳುತ್ತೇನೆ, ಯಾಕೆಂದರೆ ನಾಲ್ಕು ದಿನದಿಂದ ಕಣ್ಣು ಮುಚ್ಚಿದರೆ ಆ ಗುಡ್ಡವೇ ಬರುತ್ತದೆ.

ಊರ ಬಾಯಿಗೆ ಇದು ಬಿದ್ದರೆ ಏನನ್ನುತ್ತಾರೆ ನಿನಗೆ ಗೊತ್ತು. ಗೆಳೆಯನ ಹೆಂಡತಿಯ ಮೇಲೆ ಕಣ್ಣಿಟ್ಟು ಬದುಕಿದ್ದವನನ್ನು ಬಾಯಲ್ಲೇ ಕೊಂದ ಅನ್ನುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ಮೋಸ ಮಾಡುವವನಾಗಿದ್ದರೆ ಈ ಚೂರಿಯನ್ನು ಹಡಗಿನಿಂದ ಸಮುದ್ರಕ್ಕೆ ಎಸೆದು, ಇನ್ನೊಂದು ಕಬ್ಬಿಣ ತಂದು ತೋರಿಸುತ್ತಿದ್ದೆ. ಅವನ ಕೈಯ ಹೆಣಿಕೆಯನ್ನು ಎಸೆಯಲು ನಿನಗೆ ಆಗಿಲ್ಲ. ಅಂಕಿ ಮಾತ್ರ ಉಜ್ಜಿದೆ. ಗೆಳೆಯನ ಮಾತು ಉಳಿಸಬೇಕು, ತಾಯಿಗೆ ಮಗನ ಕೈ ಮುಟ್ಟಿಸಬೇಕು, ಎರಡೂ ಬೇಕಾಗಿತ್ತು ನಿನಗೆ. ಆದರೆ ಖಂಡೆಪ್ಪಾ, ಆ ಎರಡರ ನಡುವೆ ಒಬ್ಬ ಹೆಣ್ಣುಮಗಳ ಕೈ ಇದೆ. ಅಮಾವಾಸ್ಯೆಯ ದಿನ ಒಡೆಯುವುದು ಆ ಕೈಯ ಬಳೆ. ಇದ್ದ ಗಂಡನ ಹೆಸರಿನಲ್ಲಿ ಅವಳನ್ನು ರಂಡೆ ಮಾಡಿ, ಆ ಸುಳ್ಳಿನ ಮೇಲೆ ಉಡಿಕಿಯ ಸೀರೆ ಉಡಿಸಿದರೆ, ನಾಳೆ ಅವನ ಒಂದು ಕಾಗದ ಬಂದರೂ ಸಾಕು, ಅವಳು ಎಲ್ಲಿಯವಳೂ ಆಗುವುದಿಲ್ಲ. ನೀನು ಅವಳ ಎದುರಿಗೆ ಕುಳಿತು ರೊಟ್ಟಿ ಮುರಿಯುವುದು ಹೇಗೆ? ಅವನಿಗೆ ಮಾತು ಕೊಟ್ಟಿದ್ದು ನೀನು, ಅವಳಲ್ಲ.

ಜಗಲಿಯ ಮೇಲೆ ಸತ್ತವರನ್ನು ಕೂಡಿಸುತ್ತಾರೆ. ಇದ್ದವನನ್ನು ಕೂಡಿಸಲು ನಾನು ಚೂರಿ ಕೊಡುವುದಿಲ್ಲ. ಅದು ನನ್ನ ಪೆಟ್ಟಿಗೆಯಲ್ಲಿದೆ. ಕೆಂಪವ್ವನಿಗೆ ಇನ್ನೂ ಹೇಳಿಲ್ಲ. ಅವಳಿಗೆ ಮಗ ಸತ್ತ ಅಂತ ಹೇಳಿದ ಬಾಯೇ, ಇದ್ದಾನೆ ಆದರೆ ಬರುವುದಿಲ್ಲ ಅಂತಲೂ ಹೇಳಬೇಕು. ಅದು ಮೊದಲಿನದಕ್ಕಿಂತ ಕಷ್ಟದ ಮಾತು, ನನಗೆ ಗೊತ್ತು. ನಾನೂ ಮಗ್ಗುಲಲ್ಲಿ ಕೂಡುತ್ತೇನೆ. ಅವನದೇ ಕೈ ಅಂತ ಹೂಂ ಅಂದವಳು ನಾನು, ದೈವದ ಮುಂದೆ ಆ ಹೂಂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಮುಂದಿನದನ್ನೂ ಸೇರಿಸಿ ಹೇಳುತ್ತೇನೆ. ಅಮಾವಾಸ್ಯೆಗೆ ಮೊದಲು ಬಾ. ನೀನು ಬರದಿದ್ದರೆ ನಾನೇ ಗಾಡಿ ಕಟ್ಟಿಸಿಕೊಂಡು ಕಲ್ಲೋಳಿಗೆ ಹೋಗುತ್ತೇನೆ. ಇದು ಬೆದರಿಕೆ ಅಲ್ಲ, ಮುಂದೆ ನಡೆಯುವುದನ್ನು ಹೇಳಿದೆ.

ನಿನ್ನ ತಂದೆಗೆ ಶರಣು ಹೇಳು. ಕುರಿಗಳಿಗೆ ಈ ಸಲ ಕಾಲುಬೇನೆ ಬರದಿರಲಿ.

ನಿನ್ನ ಒಳ್ಳೆಯದನ್ನೇ ಬೇಡುವ
ಪಾರವ್ವ

ತಾ.ಕ. ಕೆಂಪವ್ವ ಚೂರಿ ಕಳಿಸಿದ್ದಾಳೆ ಅಂತ ಬರೆದೆ, ಯಾರ ಕೈಯಲ್ಲಿ ಅಂತ ಬರೆಯಲಿಲ್ಲ. ತಂದವಳು ಸಾವಿತ್ರವ್ವ. ಹುಳಿ ಮೆತ್ತಿ ಬಿಸಿಲಿಗೆ ಇಟ್ಟಾಗ ಮಗ್ಗುಲಲ್ಲೇ ಇದ್ದಳು, ಅದೇನು ಅಂಕಿ ಅಂತ ಕೇಳಿದಳು, ನನಗೆ ಸುಳ್ಳು ಹೇಳಲು ಬರಲಿಲ್ಲ. ಈ ಕಾಗದವನ್ನೂ ಅವಳಿಗೆ ಓದಿ ಹೇಳಿದೆ. ಶೇಂಗಾ ಸುಲಿಯುತ್ತ ಕೇಳಿದಳು, ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಖಂಡೆಪ್ಪಗ ಬರೀರಿ ಅವ್ವಾರ. ನಾ ಬಳಿ ಒಡಿಯಾಂಗಿಲ್ಲ. ಸತ್ತವನ ಹೆಂಡ್ತಿ ಅಂತ ಖಂಡೆಪ್ಪನ ಮನಿಗೆ ಬರಾಂಗಿಲ್ಲ. ದೈವದ ಮುಂದ ಖರೆ ಹೇಳಿ, ಬಿಡುಗಡಿ ಕೊಡಸ್ಲಿ. ಬಿಟ್ಟವನ ಹೆಂಡ್ತಿ ಅಂತ ಬರಾಕ ಬಂದ್ರ ಬಂದೇನು. ಅದನ್ನೂ ಅಂವ ಬಂದು ನನ್ನ ಕೇಳಬೇಕು" ಅಂದಳು. ನೀನು ಬರುವ ತನಕ ಇಲ್ಲಿಯೇ ಇರುತ್ತಾಳಂತೆ. ಇನ್ನೊಂದು ಕೇಳಿದಳು, ಅಲ್ಲಿ ಕರೆಪ್ಪನಿಗೆ ಮಕ್ಕಳಾಗಿವೆಯೇ ಅಂತ. ಅದನ್ನು ಮಾತ್ರ ಬರೆಯಬೇಡಿರಿ ಅಂದಳು. ನಾನು ಬರೆದಿದ್ದೇನೆ. ಬರುವಾಗ ಅದಕ್ಕೂ ಉತ್ತರ ತೆಗೆದುಕೊಂಡು ಬಾ.